ಬಾಗಿಲಿಲ್ಲದ ಪಾಠ

ಅವತ್ತು ಬೆಳಿಗ್ಗೆ ಗಂಡ ಹೆಂಡತಿಗೆ ಜಗಳವಾದದ್ದು ಊಟದ ಡಬ್ಬಿಯ ವಿಷಯಕ್ಕೆ.

"ಎರಡೆರಡು ಡಬ್ಬಿ ಯಾಕ್ರೀ? ನಿಮಗೇನು ಇನ್ನೊಂದು ಹೊಟ್ಟೆ ಬಂದಿದೆಯಾ?" ಅಂದಳು.

"ಒಂದು ಉದ್ದಣ್ಣನಿಗೆ ಕಣೇ. ಬ್ರೆಡ್ಡು ತಿಂದೂ ತಿಂದೂ ಅವನ ಮುಖವೇ ಬ್ರೆಡ್ಡಾಗಿಬಿಟ್ಟಿದೆ."

"ಹಾಗಾದರೆ ಅವನನ್ನೇ ಕಟ್ಕೊಳ್ಳಿ. ಡಬ್ಬಿ ತೊಳೆಯೋಕೂ ಅವನೇ ಬರಲಿ."

ಬೈಯುತ್ತಲೇ ಎರಡೂ ಕಟ್ಟಿದಳು. ಉದ್ದಣ್ಣನ ಡಬ್ಬಿಗೆ ಒಂದು ಸೌಟು ಹೆಚ್ಚೇ ಬಿತ್ತು. ಅದನ್ನು ಮೂಲೆಯಲ್ಲಿ ಕೂತಿದ್ದ ಅತ್ತೆ ನೋಡಿದಳು. ಅವಳ ಕಣ್ಣಿಗೆ ಪೊರೆ ಬಂದಿದ್ದರೂ ಸೌಟು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

"ಬಾಯಲ್ಲಿ ಬೈಗುಳ, ಕೈಯಲ್ಲಿ ಧಾರಾಳ" ಅಂದಳು ಅತ್ತೆ.

ಉದ್ದಣ್ಣ ಪರದೇಶದ ಫಿಟ್ಟರ್. ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಅದಕ್ಕೇ ಆ ಹೆಸರು. ಗಂಡ ಕೆಲಸ ಮಾಡುತ್ತಿದ್ದದ್ದು ಬಂದರಿನ ಹತ್ತಿರ, ಮೀನು ಹೆಪ್ಪುಗಟ್ಟಿಸಿ ಇಡುವ ಕಂಪನಿಯಲ್ಲಿ. ಅಲ್ಲಿಗೆ ಹೊಸ ಮೆಷಿನ್ನು ಬಂದಿತ್ತು. ಬಂದ ದಿನದಿಂದ ಅದರ ಪೈಪುಗಳು ಡಬ್ ಡಬ್ ಅಂತ ಬಡಿದುಕೊಳ್ಳುತ್ತಿದ್ದವು. ಆ ಸದ್ದು ನಿಲ್ಲಿಸೋಕೆ ಅಂತ ಮೆಷಿನ್ನು ಮಾರಿದವರು ಇವನನ್ನು ಕಳಿಸಿದ್ದರು. ಅವನಿಗೆ ಬರುತ್ತಿದ್ದದ್ದು ಪೋರ್ಚುಗೀಸ್ ಒಂದೇ. ಇಲ್ಲಿ ಅದು ಯಾರಿಗೂ ಬರದು. ಮ್ಯಾನೇಜರು ಅವನಿಗೆ ಚಿತ್ರ ಬರೆದು ತೋರಿಸುತ್ತಿದ್ದ. ಗಂಡ ಮಾತ್ರ ಕೈಯಲ್ಲೇ ಎಲ್ಲ ಮಾತಾಡುತ್ತಿದ್ದ. ಹೊಟ್ಟೆ ತಟ್ಟಿದರೆ ಊಟ, ಕಣ್ಣು ಮುಚ್ಚಿದರೆ ನಿದ್ದೆ, ಮೂಗು ಹಿಡಿದರೆ ಮ್ಯಾನೇಜರು ಬಂದ ಅಂತ ಅರ್ಥ.

ರಜೆಯ ದಿನ ಅವನನ್ನು ಮನೆಗೂ ಕರೆತರುತ್ತಿದ್ದ. ಉದ್ದಣ್ಣ ಬಂದವನೇ ತಲೆ ಬಗ್ಗಿಸಿ ಒಳಗೆ ಬರುವನು, ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂರುವನು, ತನ್ನ ಭಾಷೆಯಲ್ಲಿ ಏನೇನೋ ಹೇಳುವನು. ಅತ್ತೆ ತನ್ನ ಭಾಷೆಯಲ್ಲಿ ಮಂಡಿನೋವು ಹೇಳಿಕೊಳ್ಳುವಳು. ಇಬ್ಬರಿಗೂ ತೃಪ್ತಿ.

"ಒಂದೆರಡು ಮಾತು ಅವನ ಹತ್ತಿರ ಕಲಿತುಕೊಳ್ಳಬಾರದಾ?" ಅಂತ ಹೆಂಡತಿ ಒಮ್ಮೆ ಗಂಡನನ್ನು ಕೇಳಿದ್ದಳು.

"ನನಗ್ಯಾಕೆ? ಮೀನಿಗೆ ಯಾವ ಭಾಷೆಯೂ ಬೇಡ" ಅಂದಿದ್ದ ಗಂಡ.

ಅವತ್ತು ಎರಡು ಡಬ್ಬಿ ಹಿಡಿದು ಹೋದ. ಮೆಟ್ಟಿಲ ಮೇಲೆ ನಿಂತು, "ಇವತ್ತು ಬೇಗ ಬರ್ತೀನಿ, ಅಮ್ಮನ ಎಣ್ಣೆ ತರಬೇಕು" ಅಂದ. ಅವಳು ಲಾಂಡ್ರಿಗೆ ಹೋದಳು. ಅವಳ ಕೆಲಸ ಇಸ್ತ್ರಿ. ಹೋಟೆಲುಗಳ ಹಾಸಿಗೆ ಬಟ್ಟೆ, ಆಫೀಸಿನವರ ಅಂಗಿ. ಇಡೀ ದಿನ ನಿಂತು ಇಸ್ತ್ರಿ ಮಾಡಿ ಮನೆಗೆ ಬಂದಳು. ಗಂಡ ಬಂದಿರಲಿಲ್ಲ. ಮೀನು ಹೆಚ್ಚು ಬಂದ ದಿನ ಎರಡು ಪಾಳಿ ಮಾಡಿಸುವುದುಂಟು. ಅತ್ತೆಗೆ ಹಳೇ ಎಣ್ಣೆಯನ್ನೇ ಹಚ್ಚಿ ಮಲಗಿದಳು. ಚೆನ್ನಾಗಿ ನಿದ್ದೆಯೂ ಬಂತು.

ಬೆಳಿಗ್ಗೆ ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದ.

"ಎದೆ ನಿಂತುಹೋಯ್ತಮ್ಮ" ಅಂದ. "ಕೋಲ್ಡ್ ರೂಮಿನೊಳಗೆ ಹೋದರು, ಕೂತರು, ಹೋದರು. ಹೂವೆತ್ತಿದ ಹಾಗೆ. ಪುಣ್ಯವಂತರ ಸಾವು."

ಆಸ್ಪತ್ರೆಯಲ್ಲಿ ಮುಖ ತೋರಿಸಿದರು. ಮುಖ ಶಾಂತವಾಗಿತ್ತು. ಕೈಗಳಿಗೆ ಬಟ್ಟೆ ಸುತ್ತಿದ್ದರು. ಬಿಚ್ಚಬೇಡಮ್ಮ ಅಂದರು. ಅವಳು ಬಿಚ್ಚಿದಳು. ಎರಡೂ ಕೈಯ ಗೆಣ್ಣುಗಳ ಚರ್ಮ ಹೋಗಿ ಮಾಂಸ ಕಾಣುತ್ತಿತ್ತು. ಬಲಗೈಯ ಎರಡು ಉಗುರು ಇರಲಿಲ್ಲ.

"ಇದೇನು?" ಅಂದಳು.

"ಬಿದ್ದಾಗ ತಾಗಿರಬೇಕು" ಅಂದ ಮ್ಯಾನೇಜರು.

"ಕೂತರು ಅಂದಿರಿ."

ಮ್ಯಾನೇಜರು ಗಡಿಯಾರ ನೋಡಿಕೊಂಡ.

ಉದ್ದಣ್ಣ ಮನೆಗೆ ಬಂದ. ಒಳಗೆ ಬರಲಿಲ್ಲ. ಹೊಸಲಿನ ಆಚೆ ನಿಂತು ಏನೋ ಹೇಳಿದ, ಹೇಳುತ್ತಾ ಹೇಳುತ್ತಾ ಅಲ್ಲೇ ಕುಸಿದು ಕೂತ. ಇಷ್ಟುದ್ದದ ಗಂಡಸು ಅಷ್ಟು ಚಿಕ್ಕದಾಗಿ ಕೂರಬಹುದು ಅಂತ ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಅವನ ತಲೆ ಸವರಿದಳು. ಅದಾದ ಮೇಲೆ ಕಂಪನಿಯವರು ಅವನನ್ನು ವಿಮಾನ ಹತ್ತಿಸಿ ಕಳಿಸಿಬಿಟ್ಟರು.

ಆಮೇಲೆ ಫೋನು ಶುರುವಾಯಿತು. ಪ್ರತಿ ಭಾನುವಾರ ಫೋನು ಮಾಡುವನು. ಉದ್ದಕ್ಕೆ ಒಂದೇ ಸಮನೆ ಮಾತಾಡುವನು, ಕೊನೆಗೆ ಅಳುವನು. ಇವಳು ಹೂಂ ಹೂಂ ಅನ್ನುವಳು. ಪಕ್ಕದ ಮನೆ ಹುಡುಗಿ ತನ್ನ ಫೋನಿನಲ್ಲಿ ಭಾಷಾಂತರ ಮಾಡುವುದನ್ನು ಹಚ್ಚಿ ನೋಡಿದಳು. ಅಳುವಿನ ನಡುವೆ ಅದಕ್ಕೆ ಏನೂ ಸಿಕ್ಕಲಿಲ್ಲ. 'ಮೀನು ಒಳ್ಳೆಯದು, ಅಮ್ಮ ಒಳ್ಳೆಯದು' ಅಂತ ಬಂತು.

"ಇದಕ್ಕಿಂತ ನಾನೇ ವಾಸಿ" ಅಂದಳು ಅತ್ತೆ.

ಅವನಿಗೆ ಏನೋ ಗೊತ್ತಿದೆ. ಆ ಕೈಗಳಿಗೆ ಏನಾಯಿತು ಅಂತ ಗೊತ್ತಿದೆ. ಇವಳಿಗೆ ಬೇಕಾಗಿದ್ದದ್ದು ಅದೊಂದೇ. ಗಂಡ ಹೂವೆತ್ತಿದ ಹಾಗೆ ಹೋದನೋ, ಇಲ್ಲ ಬೇರೆ ಥರ ಹೋದನೋ.

ಲಾಂಡ್ರಿಗೆ ಅಂಗಿ ಕೊಡುತ್ತಿದ್ದ ಒಬ್ಬ ಮುದುಕರಿದ್ದರು. ಕಾಲರು ಗಟ್ಟಿ ಇರಬೇಕು, ತೋಳಿಗೆ ಗೆರೆ ಬೀಳಬಾರದು ಅಂತ ಕಾಟ ಕೊಡುವವರು. ಹಡಗು ಕಂಪನಿಯಲ್ಲಿ ಗುಮಾಸ್ತರಾಗಿ ಪೋರ್ಚುಗೀಸ್ ಮಾತಾಡುವ ಊರಲ್ಲಿ ಬಹಳ ಕಾಲ ಇದ್ದವರು. ಈಗ ಪರದೇಶಕ್ಕೆ ಹೋಗುವವರಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವಳು ಒಂದು ಭಾನುವಾರ ಫೋನು ಹಿಡಿದು ಅವರ ಮನೆಗೆ ಹೋದಳು. ಉದ್ದಣ್ಣನ ಫೋನು ಬಂದಾಗ ಅವರ ಕಿವಿಗೆ ಕೊಟ್ಟಳು.

ಮೇಷ್ಟ್ರು ಕೇಳಿದರು. ಕೇಳುತ್ತಾ ಕನ್ನಡಕ ತೆಗೆದರು. ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು.

"ಏನಂತೆ?" ಅಂದಳು.

"ಸಮಾಧಾನ ಹೇಳ್ತಿದ್ದಾನಮ್ಮ. ನಿನ್ನ ಗಂಡ ಒಳ್ಳೆಯವನು ಅಂತ."

"ಅಷ್ಟೇನಾ?"

"ಅಷ್ಟೇ."

"ಅಷ್ಟು ಹೇಳೋಕೆ ಅಷ್ಟು ಹೊತ್ತಾ?"

"ಅವರ ಭಾಷೆಯೇ ಉದ್ದ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು. ಸಮಾಧಾನ ಹೇಳುವವನು ವಾರವಾರ ಯಾಕೆ ಅಳುತ್ತಾನೆ? ಅವಳು ಎದ್ದು ಹೋಗಲಿಲ್ಲ.

"ಹಾಗಾದರೆ ನನಗೆ ಕಲಿಸಿ" ಅಂದಳು.

ಮೇಷ್ಟ್ರು ನಕ್ಕರು. "ಎಷ್ಟು ಓದಿದ್ದೀಯ?"

"ಅಕ್ಷರ ಕೂಡಿಸಿ ಓದ್ತೀನಿ."

"ಇದೇನು ಬಸ್ಸಿನ ಬೋರ್ಡು ಅಂದ್ಕೊಂಡೆಯಾ? ಡಿಗ್ರಿ ಮಾಡಿದವರೇ ಇಲ್ಲಿ ಬೆವರು ಸುರಿಸ್ತಾರೆ."

"ಬೆವರು ನನಗೇನು ಹೊಸದಾ? ಕಿವಿ ಇದೆ, ನಾಲಿಗೆ ಇದೆ. ನಿಮ್ಮ ಅಂಗಿಗಳನ್ನೆಲ್ಲ ನಾನೇ ಇಲ್ಲಿ ಬಂದು ಇಸ್ತ್ರಿ ಮಾಡ್ತೀನಿ. ಕಾಲರು ಹಲಗೆ ಹಾಗೆ ನಿಲ್ಲಿಸ್ತೀನಿ."

ಕಾಲರಿನ ಆಸೆಗೋ, ನಾಲ್ಕು ದಿನ ಬಂದು ತಾನೇ ಬಿಡುತ್ತಾಳೆ ಅಂತಲೋ, ಮೇಷ್ಟ್ರು ಒಪ್ಪಿದರು.

ಲಾಂಡ್ರಿ ಮುಗಿಸಿ ಸಂಜೆ ಹೋಗುವಳು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟು ನಿಲ್ಲುವಳು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಹೇಳುವರು. ಮೊದಲ ದಿನವೇ ಅವಳಿಗೆ ಆಶ್ಚರ್ಯ. ಸಾಬೂನಿಗೆ ಅವರು ಸಬಾಂವ್ ಅಂತಾರೆ. ಬಾಲ್ದಿಗೆ ಬಾಲ್ದೆ. ಬಟಾಟೆಗೆ ಬಟಾಟೆಯೇ. ಪಗಾರ ಕೊಡುವುದಕ್ಕೆ ಪಗಾರ್.

"ನೋಡು, ಅರ್ಧ ಭಾಷೆ ನಿನ್ನ ಅಡುಗೆಮನೇಲೇ ಬಿದ್ದಿದೆ" ಅಂದರು ಮೇಷ್ಟ್ರು.

"ಇನ್ನರ್ಧ?"

"ಅದಕ್ಕೆ ತಲೆ ಬೇಕು. ನಿನ್ನ ಹತ್ತಿರ ಇರೋದು ಕೂದಲು ಬೆಳೆಯೋ ಜಾಗ."

ಬೈಗುಳಕ್ಕೆ ಕೊರತೆ ಇರಲಿಲ್ಲ. ಒಂದು ಮಾತು ತಪ್ಪಿದರೆ ಮರದ ಪಟ್ಟಿಯಿಂದ ಮೇಜು ಕುಟ್ಟುವರು. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಅಂತ ಅವಳೆದುರಿಗೇ ಬೇರೆ ಶಿಷ್ಯರಿಗೆ ಹೇಳುವರು. ಲಾಂಡ್ರಿಯಲ್ಲಿ ಅವಳು ಬಟ್ಟೆ ಮಡಿಸುತ್ತಾ ಬಾಯಿಪಾಠ ಮಾಡಿದರೆ ಜೊತೆಯವರು, "ದೊರೆಸಾನಿಯವರು ಬಂದರು, ದಾರಿ ಬಿಡಿ" ಅನ್ನುವರು. ಮನೆಯಲ್ಲಿ ಅತ್ತೆ ಬೇರೆ.

"ಗಂಡ ಹೋದ ಮೇಲೆ ಇವಳಿಗೆ ನಾಲಿಗೆ ಚಿಗುರಿತು" ಅಂತ ಬೀದಿಗೆ ಕೇಳುವ ಹಾಗೆ ಅಂದಳು. "ನನ್ನ ಮಗ ಮಣ್ಣಾದ. ಇವಳು ಮುದುಕನ ಹತ್ತಿರ ಸಬಾಂವ್ ಕಲೀತಾಳೆ."

"ನಿಮ್ಮ ಮಗನ ವಿಷಯ ಕೇಳೋಕೇ ಕಲೀತಿರೋದು."

"ಕೇಳಿ? ಎದ್ದು ಬರ್ತಾನಾ?"

ಎಣ್ಣೆ ಬಟ್ಟಲು ತಂದು ಅತ್ತೆಯ ಮಂಡಿಯನ್ನು ಬೇಕಂತಲೇ ಗಟ್ಟಿಯಾಗಿ ತಿಕ್ಕಿದಳು. ಅತ್ತೆ ಅಯ್ಯೋ ಅಂದಳು. ಇಬ್ಬರಿಗೂ ಸ್ವಲ್ಪ ಹಗುರವಾಯಿತು.

ಭಾನುವಾರ ಉದ್ದಣ್ಣ ಫೋನು ಮಾಡಿದಾಗ ಅವಳು ಕಲಿತದ್ದನ್ನು ಹೇಳತೊಡಗಿದಳು. ಮೊದಲ ಸಲ ಅವಳ ಬಾಯಲ್ಲಿ ತನ್ನ ಭಾಷೆ ಕೇಳಿ ಅವನು ಮಾತು ನಿಲ್ಲಿಸಿಬಿಟ್ಟ. ಆಮೇಲೆ ಹೋ ಅಂತ ಅತ್ತ. ಅವನು ಅಳುತ್ತಿದ್ದರೆ ಇವಳು, "ಅಡುಗೆಮನೆಯಲ್ಲಿ ಬಟಾಟೆ ಇದೆ" ಅಂದಳು. ಬೇರೆ ಮಾತು ಇನ್ನೂ ಬಂದಿರಲಿಲ್ಲ. ಅವನು ಇನ್ನೂ ಜೋರಾಗಿ ಅತ್ತ. "ಮೇಜಿನ ಮೇಲೆ ಬೆಕ್ಕು ಇದೆ" ಅಂದಳು.

ಮಳೆಗಾಲ ಹೋಯಿತು. ಅವಳಿಗೆ ಮಾತು ಕೂಡಿತು. ಅಂಗಡಿಗೆ ಹೋಗಬಲ್ಲಳು, ದಾರಿ ಕೇಳಬಲ್ಲಳು, ತಲೆನೋವು ಅಂತ ಡಾಕ್ಟರಿಗೆ ಹೇಳಬಲ್ಲಳು. ಡಿಗ್ರಿಯವರು ತಡವರಿಸುವಾಗ ಮೇಷ್ಟ್ರು ಪಟ್ಟಿಯಿಂದ ಅವಳ ಕಡೆ ತೋರಿಸಿ, "ಇಸ್ತ್ರಿ ಹೇಳುತ್ತೆ, ಕೇಳ್ಕೊಳ್ಳಿ" ಅನ್ನುವಷ್ಟು. ಆದರೆ ಉದ್ದಣ್ಣನ ಮಾತು ಮಾತ್ರ ಒಡೆಯಲಿಲ್ಲ. ನಾನು ಅನ್ನುವುದು ತಿಳಿಯುತ್ತಿತ್ತು. ನಿನ್ನ ಗಂಡ ಅನ್ನುವುದು ತಿಳಿಯುತ್ತಿತ್ತು. ಊಟ ಅನ್ನುವುದೂ ತಿಳಿಯುತ್ತಿತ್ತು. ನಡುವಿನ ಮಾತುಗಳು, ಅವನು ಎಲ್ಲಿ ಅಳುತ್ತಿದ್ದನೋ ಆ ಮಾತುಗಳು, ಒಂದೂ ಇವಳು ಕಲಿತದ್ದಲ್ಲ. ಇಷ್ಟು ದಿನ ಗಾಣದೆತ್ತಿನ ಹಾಗೆ ಸುತ್ತಿದೆ, ಆದರೂ ಇದೊಂದು ಜಾಗಕ್ಕೆ ಯಾಕೆ ಕಾಲಿಟ್ಟಿಲ್ಲ ಅಂತ ಅವಳಿಗೆ ಅನ್ನಿಸಿತು.

ಒಂದು ಸಂಜೆ ಮೇಷ್ಟ್ರು ಮನೆಯ ಪಾಠ ಒಪ್ಪಿಸು ಅಂದರು. ಅವಳು ಅಂಗಿಯ ತೋಳಿನ ಮೇಲೆ ಇಸ್ತ್ರಿ ಓಡಿಸುತ್ತಾ ಒಪ್ಪಿಸಿದಳು. ಮಾಡು, ಗೋಡೆ, ನೆಲ, ಮಂಚ, ಅಲ್ಮೇರಾ, ಜನೇಲ. ಜನೇಲ ಅಂದರೆ ಕಿಟಕಿ. ಮುಗಿಯಿತು.

ಇಸ್ತ್ರಿ ನಿಲ್ಲಿಸಿದಳು.

"ಮೇಷ್ಟ್ರೇ, ಈ ಮನೆಗೆ ಜನ ಎಲ್ಲಿಂದ ಬರ್ತಾರೆ?"

"ಅಂದರೆ?"

"ಕಿಟಕಿಯಿಂದ ಹಾರ್ಕೊಂಡು ಬರ್ತಾರಾ?"

ಮೇಷ್ಟ್ರು ಪಟ್ಟಿ ತಿರುಗಿಸುತ್ತಾ ಕೂತರು. "ಅದು ಮುಂದಿನ ಪಾಠ."

"ಬೆಕ್ಕು ಬಂತು, ಬಾಲ್ದಿ ಬಂತು. ಬಾಗಿಲು ಮುಂದಿನ ಪಾಠಾನಾ?"

"ಎಲ್ಲದಕ್ಕೂ ಒಂದು ಕ್ರಮ ಇರುತ್ತೆ."

"ಬಿಸಿಲು ಕಲಿಸಿದಿರಿ, ಮಳೆ ಕಲಿಸಿದಿರಿ, ಗಾಳಿ ಕಲಿಸಿದಿರಿ. ಚಳಿ ಎಲ್ಲಿ?"

"ಆ ದೇಶದಲ್ಲಿ ಚಳಿ ಇಲ್ಲ."

ಹೇಳುವಾಗ ಮುಖ ನೋಡಲಿಲ್ಲ. ಅವಳಿಗೆ ಆಗ ತಿಳಿಯಿತು. ಈ ಮನುಷ್ಯ ಮೊದಲ ದಿನವೇ ಎಲ್ಲ ಕೇಳಿಸಿಕೊಂಡಿದ್ದಾನೆ. ಆ ಮಾತುಗಳನ್ನೆಲ್ಲ ಹೆಕ್ಕಿ ತೆಗೆದು, ಉಳಿದದ್ದನ್ನು ತನಗೆ ಬಡಿಸಿದ್ದಾನೆ. ಅನ್ನದಲ್ಲಿ ಕಲ್ಲು ಹೆಕ್ಕಿದ ಹಾಗೆ.

ಕೋಣೆಯ ಮೂಲೆಯಲ್ಲಿ ಹಳೇ ಸಾಮಾನು ತುಂಬಿದ ಒಂದು ಗೂಡಿನಂಥ ಕೋಣೆ ಇತ್ತು. ಅವಳು ಒಳಗೆ ಹೋದಳು. ಬಾಗಿಲು ಎಳೆದುಕೊಂಡಳು. ಒಳಗೆ ಕತ್ತಲು. ಎರಡೂ ಮುಷ್ಟಿಯಿಂದ ಗುದ್ದಿದಳು.

"ಇದಕ್ಕೇನಂತಾರೆ?" ಅಂತ ಕೂಗಿದಳು.

"ಏನಮ್ಮ ಇದು, ಹೊರಗೆ ಬಾ."

"ನಾನು ಯಾವುದರ ಹಿಂದೆ ಇದ್ದೀನಿ? ಹೇಳಿ!"

"ಕೈ ನೋವಾಗುತ್ತೆ ಬಾರಮ್ಮ."

"ಅವರಿಗೆ ಆಗಲಿಲ್ವಾ?"

ಗುದ್ದುತ್ತಲೇ ಇದ್ದಳು. ಹೊರಗಿನ ಚಿಲಕ ಕುಣಿಯಿತು. ಗೋಡೆಯ ಸುಣ್ಣ ಉದುರಿತು. ಆಮೇಲೆ ಮುದುಕರ ದನಿ ಕೇಳಿತು, ತೀರ ಸಣ್ಣಗೆ.

"ಪೋರ್ತ."

ಪೋರ್ತ. ಪ್ರತಿ ವಾರ ಕೇಳಿದ ಮಾತು. ಪ್ರತಿ ಸಲ ಅದರ ಹಿಂದೆಯೇ ಅಳು.

"ಮುಚ್ಚಿದ್ದಕ್ಕೆ?"

ಹೇಳಿದರು.

"ನಾನೀಗ ಮಾಡ್ತಿರೋದಕ್ಕೆ?"

ಅದನ್ನೂ ಹೇಳಿದರು. ಆಮೇಲೆ ಅವಳು ಕೇಳದಿದ್ದರೂ ತಾವೇ, "ಚಳಿಗೆ ಫ್ರೀಯು" ಅಂದರು.

ಅವಳು ಹೊರಗೆ ಬಂದಾಗ ಮೇಷ್ಟ್ರು ನೆಲದ ಮೇಲೆ ಕೂತಿದ್ದರು. ಇಸ್ತ್ರಿ ಪೆಟ್ಟಿಗೆ ಅವರ ಅಂಗಿಯ ಮೇಲೆಯೇ ಕೂತು ಸುಟ್ಟ ವಾಸನೆ ಬರುತ್ತಿತ್ತು. ಇಬ್ಬರೂ ಎತ್ತಲಿಲ್ಲ.

"ನಿನಗೋಸ್ಕರ ಮುಚ್ಚಿಟ್ಟೆ ಕಣಮ್ಮ."

"ನನಗೋಸ್ಕರ ಅಲ್ಲ. ಹೇಳೋ ಬಾಯಿ ನಿಮ್ಮದಾಗಬಾರದು ಅಂತ."

"ಹಾಗಾದರೆ ಈಗ ಹೇಳಿಬಿಡ್ತೀನಿ. ಕೇಳು."

"ಬೇಡ. ಅವನ ಬಾಯಿಂದ ಕೇಳ್ತೀನಿ. ನೀವು ಮಾತು ಕೊಡಿ, ಸಾಕು."

ಅಲ್ಲಿಂದ ಪಾಠ ಅವಳು ಹೇಳಿದ ಹಾಗೆ ನಡೆಯಿತು. ಅವಳು ಕೇಳುವಳು, ಅವರು ಕೊಡುವರು. ಹಿಡಿಗೆ ಏನಂತಾರೆ? ಉಸಿರಿಗೆ? ಬದುಕಿದ್ದಾನೆ ಅನ್ನೋಕೆ? ಎಷ್ಟು ಹೊತ್ತು ಅಂತ ಕೇಳೋಕೆ? ಮುದುಕರು ತಲೆ ಅಲ್ಲಾಡಿಸಿದರೆ ಅವರದ್ದೇ ಪಟ್ಟಿ ಎತ್ತಿ ಮೇಜು ಕುಟ್ಟುವಳು. ಒಂದು ದಿನ ಅವರು, "ನನಗೂ ವಯಸ್ಸಾಯಿತು, ಇದೆಲ್ಲ ಬಾಯಲ್ಲಿ ಆಡೋಕಾಗಲ್ಲ" ಅಂದರು. "ಬಾಯಲ್ಲಿ ಆಡೋಕೇ ಆಗಲ್ವಾ?" ಅಂದಳು, ಅಷ್ಟೇ. ಬೇಕಾದ ಮಾತುಗಳೆಲ್ಲ ಕೈಗೆ ಬಂದ ದಿನ ಹೋಗುವುದನ್ನು ನಿಲ್ಲಿಸಿದಳು. ಅಂಗಿಗಳು ರಾಶಿ ಬಿದ್ದಿವೆ, ಒಮ್ಮೆ ಬಂದು ಹೋಗು ಅಂತ ಮೇಷ್ಟ್ರು ಹೇಳಿಕಳಿಸಿದರು. ಹೋಗಲಿಲ್ಲ. ಆಮೇಲೆ ಅವರು ಸುಕ್ಕು ಬಿದ್ದ ಅಂಗಿಯಲ್ಲೇ ಬೀದಿಯಲ್ಲಿ ಕಾಣಿಸುತ್ತಿದ್ದರು.

ಆ ಭಾನುವಾರ ಉದ್ದಣ್ಣ ಫೋನು ಮಾಡಿದಾಗ ಅವಳು ಬಟಾಟೆಯ ಮಾತು ಆಡಲಿಲ್ಲ.

"ಕೊಂತ" ಅಂದಳು. ಹೇಳು ಅಂತ.

ಅವನು ಹೇಳಿದ. ಅವಳು ನಡುನಡುವೆ ನಿಲ್ಲಿಸಿ ಕೇಳಿದಳು. ಈಗ ಎಲ್ಲ ಒಡೆದು ಕೈಗೆ ಬಂತು.

ಕೋಲ್ಡ್ ರೂಮಿನ ಬಾಗಿಲಿಗೆ ಒಳಗಡೆ ಒಂದು ಹಿಡಿ ಇರುತ್ತದೆ. ಸಿಕ್ಕಿಬಿದ್ದವರು ಅದನ್ನು ತಳ್ಳಿದರೆ ಬಾಗಿಲು ತೆರೆಯುತ್ತದೆ. ಅದು ಮುರಿದಿತ್ತು. ಅದನ್ನು ಬಿಚ್ಚಿ ಬೆಸುಗೆಗೆ ಕಳಿಸಿದ್ದವನು ಉದ್ದಣ್ಣನೇ. ಆ ಸಂಜೆ ಪೈಪುಗಳ ಸದ್ದು ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಬಾಗಿಲು ಮುಚ್ಚಬೇಕು. ಮುಚ್ಚುವ ಮೊದಲು ಅವನು ಒಳಕ್ಕೆ ಮುಖ ಹಾಕಿ ಕೂಗಿದ, ಯಾರಾದರೂ ಇದ್ದೀರಾ ಅಂತ.

"ಯಾವ ಭಾಷೇಲಿ ಕೂಗಿದೆ?" ಅಂತ ಕೇಳಿದಳು.

"ನನಗೆ ಬರೋದು ಇದೊಂದೇ" ಅಂದ.

ಗಂಡ ಹಿಂದಿನ ಸಾಲಿನಲ್ಲಿ ಮೀನಿನ ಟ್ರೇ ಜೋಡಿಸುತ್ತಿದ್ದ. ಕೂಗು ಕೇಳಿಸಿತೋ ಇಲ್ಲವೋ. ಕೇಳಿಸಿದರೂ ಅದು ಅವನಿಗೆ ಉದ್ದಣ್ಣನ ದಿನದ ವಟವಟ. ಉದ್ದಣ್ಣ ಬಾಗಿಲು ಮುಚ್ಚಿದ. ಮೆಷಿನ್ನು ಹಾಕಿದ. ಮೆಷಿನ್ನಿನ ಪಕ್ಕದ ಬೆಂಚಿನ ಮೇಲೆ ಕೂತು, ಮಧ್ಯಾಹ್ನ ತಿನ್ನದೆ ಉಳಿಸಿದ್ದ ಡಬ್ಬಿ ಬಿಚ್ಚಿದ.

"ನಾನು ಕಳಿಸಿದ್ದಾ?"

"ನೀನು ಕಳಿಸಿದ್ದು."

ತಿನ್ನುವಾಗ ಡಬ್ ಡಬ್ ಅಂತ ಸದ್ದು ಬಂತು. ಅವನಿಗೆ ಸಿಟ್ಟು ಬಂತು. ಎಷ್ಟು ರಿಪೇರಿ ಮಾಡಿದರೂ ಈ ದರಿದ್ರ ಪೈಪು ಬಡಿದುಕೊಳ್ಳೋದು ಬಿಡಲ್ಲ ಅಂದುಕೊಂಡ. ಆ ಸದ್ದನ್ನು ಕೇಳೋಕೇ ಅವನು ಅಷ್ಟು ದೂರದಿಂದ ಬಂದಿದ್ದ. ಹಗಲೂ ರಾತ್ರಿ ಅದನ್ನೇ ಕೇಳಿದ ಕಿವಿ. ಬೇರೆ ಯಾರೇ ಆಗಿದ್ದರೂ ಎದ್ದು ನೋಡುತ್ತಿದ್ದರು. ಫಿಟ್ಟರ್ ಆದ್ದರಿಂದ ಅವನು ಎದ್ದು ನೋಡಲಿಲ್ಲ.

"ಎಷ್ಟು ಹೊತ್ತು ಬಡಿದರು?" ಅಂತ ಕೇಳಿದಳು.

"ನನ್ನ ಊಟ ಮುಗಿಯೋವರೆಗೂ."

"ಆಮೇಲೆ?"

"ನಿಂತಿತು."

"ನಿಂತಾಗ ನೀನು ಏನು ಮಾಡಿದೆ?"

ಅವಳು ಕಾದಳು.

"ಖುಷಿ ಆಯ್ತು" ಅಂದ. "ಪೈಪು ಸರಿಹೋಯ್ತು ಅಂತ. ಡಬ್ಬಿ ತೊಳೆದಿಟ್ಟೆ. ರೂಮಿಗೆ ಹೋಗಿ ಮಲಗಿದೆ."

ಆಮೇಲೆ ಪ್ರತಿ ವಾರ ಕೊನೆಯಲ್ಲಿ ಹೇಳುತ್ತಿದ್ದ ಮಾತನ್ನು ಹೇಳಿದ. ಪೆರ್ದಾಂವ್. ಹೊಟ್ಟೆಗೆ ಹಾಕ್ಕೋ ಅಂತ. ಆ ಮಾತಿನ ಅರ್ಥವೂ ಈಗ ಅವಳಿಗೆ ಗೊತ್ತಿತ್ತು. ಅದಕ್ಕೆ ಉತ್ತರ ಹೇಗೆ ಕೊಡುತ್ತಾರೆ ಅನ್ನುವುದೂ ಗೊತ್ತಿತ್ತು. ಫೋನು ಕೆಳಗಿಟ್ಟಳು.

ಮಾರನೆಯ ದಿನ ಕಂಪನಿಗೆ ಹೋದಳು. ಮ್ಯಾನೇಜರು ಎಲ್ಲ ಕೇಳಿ, "ಡಾಕ್ಟರು ಎದೆ ನಿಂತಿತು ಅಂತ ಬರೆದುಕೊಟ್ಟಿದ್ದಾರೆ" ಅಂದ.

"ಎದೆ ಎಲ್ಲರದ್ದೂ ನಿಲ್ಲುತ್ತೆ. ಬಾಗಿಲು ಮುಚ್ಚಿದ್ದಕ್ಕೆ ನಿಂತಿತು."

"ಆ ಮನುಷ್ಯ ನಮ್ಮ ಕೆಲಸದವನೇ ಅಲ್ಲಮ್ಮ. ಮೆಷಿನ್ನು ಮಾರಿದವರ ಕಡೆಯವನು. ಅವನ ದೇಶಕ್ಕೆ ಹೋಗಿ ಕೇಳು" ಅಂದ. ಆಮೇಲೆ ಹಲ್ಲು ಬಿಟ್ಟು, "ಭಾಷೆ ಬೇರೆ ಕಲಿತಿದ್ದೀಯಂತೆ" ಅಂದ.

ಮ್ಯಾನೇಜರನ್ನು ಮುಟ್ಟುವ ಶಕ್ತಿ ಅವಳಿಗಿರಲಿಲ್ಲ. ಡಾಕ್ಟರನ್ನು, ಮೆಷಿನ್ನು ಮಾರಿದವರನ್ನು, ಯಾರನ್ನೂ ಮುಟ್ಟಲಾರಳು. ಅವರೆಲ್ಲ ಬಾಯಿ ಮುಚ್ಚಿಕೊಂಡವರು. ಬಾಯಿ ಬಿಟ್ಟವನು ಒಬ್ಬನೇ. ಕೈಗೆ ಸಿಕ್ಕಿದವನೂ ಅವನೊಬ್ಬನೇ.

ಅತ್ತೆಗೆ ಹೇಳಿದಳು. ಒಂದು ಮಾತೂ ಬಿಡದೆ ಹೇಳಿದಳು. ಮೇಷ್ಟ್ರ ಹಾಗೆ ಹೆಕ್ಕಲಿಲ್ಲ. ಅತ್ತೆ ಅಳಲಿಲ್ಲ. ಮಂಡಿ ಹಿಡಿದುಕೊಂಡು ಕೂತಳು.

"ಅವನ ತಲೆ ಸವರಿದೆನಲ್ಲೇ ನಾನು" ಅಂದಳು.

"ಸವರಿದಿರಿ."

"ಈ ಕೈಯಿಂದ."

"ಹೂಂ."

"ಅವನ ಹತ್ತಿರ ಇನ್ನೊಂದು ಸಲ ಹೇಳಿಸು. ನಾನು ಕೇಳಬೇಕು."

"ನಿಮಗೆ ಅರ್ಥ ಆಗಲ್ಲ."

"ಅಳು ಅರ್ಥ ಆಗುತ್ತೆ."

ಮರುದಿನ ಬೆಳಿಗ್ಗೆಯೇ ಅವಳು ಫೋನು ಮಾಡಿದಳು. ಅವನ ಊರಿನಲ್ಲಿ ಅದು ಜನ ಗಾಢ ನಿದ್ದೆಯಲ್ಲಿರುವ ಹೊತ್ತು. ಅವನು ಗಾಬರಿಯಿಂದ ಎತ್ತಿದ.

"ಕೊಂತ" ಅಂದಳು.

ಅತ್ತೆಗೂ ಕೇಳುವ ಹಾಗೆ ಫೋನನ್ನು ನಡುವೆ ಇಟ್ಟಳು. ಅವನು ಮೊದಲಿನಿಂದ ಹೇಳಿದ. ಅದರ ಮರುದಿನವೂ ಮಾಡಿದಳು. ಅದರ ಮರುದಿನವೂ. ಅತ್ತೆ ಬೇಗ ಎದ್ದು ಮುಖ ತೊಳೆದು, ದೇವರ ಮುಂದೆ ಕೂತ ಹಾಗೆ ಫೋನಿನ ಮುಂದೆ ಕೂರುತ್ತಿದ್ದಳು. ಒಂದೊಂದು ದಿನ ಮುಗಿದ ಮೇಲೆ, "ಇವತ್ತು ಸರಿಯಾಗಿ ಅಳಲಿಲ್ಲ ಕಣೇ" ಅನ್ನುವಳು. "ಇನ್ನೊಂದು ಪ್ರಶ್ನೆ ಕೇಳಬೇಕಿತ್ತು."

ಒಂದು ವಾರ ಅವನು ಫೋನು ಎತ್ತಲಿಲ್ಲ. ಅವಳು ಮಾಡುತ್ತಲೇ ಇದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಬಿಸಿಯಾಗುವ ನಡುವೆ ಮಾಡಿದಳು, ಬಸ್ಸಿನಲ್ಲಿ ಮಾಡಿದಳು. ಕೊನೆಗೆ ಒಬ್ಬ ಹೆಂಗಸು ಎತ್ತಿದಳು. ಅವನ ಹೆಂಡತಿ. ಅವನು ಕೆಲಸಕ್ಕೆ ಹೋಗುತ್ತಿಲ್ಲ, ಪೈಪಿನ ಸದ್ದು ಕೇಳಿದರೆ ಮನೆ ಬಿಟ್ಟು ಓಡುತ್ತಾನೆ, ದಯವಿಟ್ಟು ಮಾಡಬೇಡಿ, ನಮಗೂ ಮಕ್ಕಳಿದ್ದಾರೆ ಅಂದಳು. ಎಲ್ಲವೂ ಇವಳಿಗೆ ಅರ್ಥವಾಯಿತು. ಮೇಷ್ಟ್ರು ಅಷ್ಟು ಚೆನ್ನಾಗಿ ಕಲಿಸಿದ್ದರು.

"ಅವನಿಗೆ ಕೊಡು" ಅಂದಳು.

ಹಿಂದಿನಿಂದ ಅವನೇ ಬಂದು 'ಕೊಡು' ಅಂದದ್ದು ಕೇಳಿಸಿತು. ಎತ್ತಿಕೊಂಡ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಹೀಗೆ ನಡೆಯಿತು. ಕೊನೆಗೆ ಅತ್ತೆಗೇ ಸಾಕಾಯಿತು. ಒಂದು ಬೆಳಿಗ್ಗೆ ಅವಳು ಫೋನಿನ ಮುಂದೆ ಬಂದು ಕೂರಲಿಲ್ಲ. ಹಾಸಿಗೆಯಲ್ಲೇ ಗೋಡೆಗೆ ತಿರುಗಿ ಮಲಗಿದ್ದಳು.

"ಬಿಟ್ಟುಬಿಡೇ. ಅವನೂ ಒಬ್ಬ ತಾಯಿಯ ಮಗ."

"ನಿಮ್ಮ ಹೊಟ್ಟೆ ತುಂಬಿತಾ?"

"ತುಂಬಲಿಲ್ಲ. ತುಂಬೋದಿಲ್ಲ. ಅದಕ್ಕೇ ಬಿಡು ಅಂದೆ."

"ನನಗೆ ಅದು ತಿಳಿಯಲ್ಲ ಅತ್ತೆ."

"ಹೊಟ್ಟೆಗೆ ಹಾಕ್ಕೊಂಡೆ ಅಂತ ಒಂದು ಮಾತು ಅಂದುಬಿಡು. ಸುಳ್ಳೇ ಆಗಲಿ. ಅಷ್ಟು ಭಾಷೆ ಕಲಿತವಳಿಗೆ ಒಂದು ಸುಳ್ಳು ಬರಲ್ವಾ?"

ಸುಳ್ಳು ಹೇಳಿದರೆ ಅವನು ಮಲಗುತ್ತಾನೆ. ಅವನು ಮಲಗಿದರೆ, ಆ ರೂಮಿನ ಬಾಗಿಲ ಹಿಂದೆ ತನ್ನ ಗಂಡ ಬಡಿದದ್ದನ್ನು ಕೇಳಿಸಿಕೊಂಡು ಈ ಭೂಮಿಯ ಮೇಲೆ ಎಚ್ಚರ ಇರುವವರು ಯಾರೂ ಉಳಿಯುವುದಿಲ್ಲ. ಅವನು ಒಬ್ಬನೇ ಕೇಳಿದ್ದು. ಅವನ ಕಿವಿಯಲ್ಲಿ ಮಾತ್ರ ಗಂಡನ ಕೊನೆಯ ಸದ್ದು ಇದೆ. ಅದನ್ನು ಅವನು ಹೊಟ್ಟೆಯೊಳಗೆ ಹೂತು ಮಲಗುವುದಕ್ಕೆ ಅವಳು ಬಿಡುವವಳಲ್ಲ.

ಅತ್ತೆ ಈಗಿಲ್ಲ. ಮಂಡಿನೋವಿಗೆ ಎಣ್ಣೆ ಹಚ್ಚುವ ಕೆಲಸ ಹೋಯಿತು. ಉಳಿದದ್ದು ಇದೊಂದು.

ಬೆಳಿಗ್ಗೆ ಏಳುತ್ತಾಳೆ. ಅಂಗಳಕ್ಕೆ ನೀರು ಹಾಕುತ್ತಾಳೆ. ಒಲೆಯ ಮೇಲೆ ನೀರಿಟ್ಟು ಫೋನು ಮಾಡುತ್ತಾಳೆ. ಮೊದಲ ಗಂಟೆಗೇ ಅವನು ಎತ್ತುತ್ತಾನೆ. ಬೊಂ ದಿಯ ಅನ್ನುತ್ತಾನೆ. ಅವಳು ಕೊಂತ ಅನ್ನುತ್ತಾಳೆ. ಅವನು ಹೇಳುತ್ತಾನೆ, ಅವಳು ಕೂದಲು ಬಾಚಿ ಗಂಟು ಹಾಕಿಕೊಳ್ಳುತ್ತಾಳೆ. ಅವನು ಏನಾದರೂ ಬಿಟ್ಟರೆ ನಿಲ್ಲಿಸಿ, ಹಿಂದಕ್ಕೆ ಹೋಗಿ ಅಲ್ಲಿಂದ ಹೇಳಿಸುತ್ತಾಳೆ. ಕೊನೆಯಲ್ಲಿ ಅವನು ಪೆರ್ದಾಂವ್ ಅನ್ನುತ್ತಾನೆ. ಅವಳು ಒಮ್ಮೆಯೂ ಇಲ್ಲ ಅಂದಿಲ್ಲ.

"ನಾಳೆ" ಅನ್ನುತ್ತಾಳೆ, ಅವನ ಭಾಷೆಯಲ್ಲಿ. ಕೆಳಗಿಟ್ಟು, ಕುದಿಯುವ ನೀರು ಇಳಿಸಿ, ಕೆಲಸಕ್ಕೆ ಹೊರಡುತ್ತಾಳೆ.